ಅಕ್ಕನ ಒಡಪು

ನಮ್ಮ ಮನೆಯಲ್ಲಿ ಅಕ್ಕನ ಮಾತಿಗೆ ಅಂತಲೇ ಒಂದು ಕೋಣೆ ಇತ್ತು, ಅದು ಅಡಿಗೆಮನೆ. ಪಡಸಾಲೆಯಲ್ಲಿ ಅವಳು ಪೂರಾ ಮೂಗಿ, ನಡುಮನೆಯಲ್ಲಿ ಅರ್ಧ ಮೂಗಿ. ಒಲೆಯ ಮುಂದೆ ಕೂತು, ಜೋಳದ ಹಿಟ್ಟು ನಾದಿ, ರೊಟ್ಟಿ ಬಡಿಯಲು ಶುರು ಮಾಡಿದಳೆಂದರೆ ಮಾತ್ರ ಊರಿನ ಯಾವ ಹುಡುಗಿಗೂ ಸೋಲದ ಹಾಗೆ ಮಾತಾಡುವಳು. ನವಲಗುಂದದ ಕಡೆಯ ಎರೆಭೂಮಿಯ ಊರು ನಮ್ಮದು. ಮಣ್ಣಿನ ಮಾಳಿಗೆಯ ಮನೆ. ತಲೆಬಾಗಿಲು ದಾಟಿದರೆ ಮೊದಲು ಎತ್ತುಗಳು, ಅವುಗಳ ಎದುರಿನ ಎತ್ತರದ ಪಡಸಾಲೆಯಲ್ಲಿ ಅಪ್ಪ, ಅಲ್ಲಿಂದ ಒಳಗೆ ನಡುಮನೆಯಲ್ಲಿ ಜೋಳದ ಚೀಲಗಳ ನಡುವೆ ಅಪ್ಪನ ತಾಯಿ, ನಮ್ಮ ಆಯಿ. ಎಲ್ಲಕ್ಕಿಂತ ಹಿಂದೆ, ಮಾಳಿಗೆಯ ಬೆಳಕಿಂಡಿಯಿಂದ ಒಂದು ಮೊರದಷ್ಟು ಬಿಸಿಲು ಬೀಳುವ ಜಾಗದಲ್ಲಿ ಒಲೆ. ಅಲ್ಲಿ ಕೂತ ಅಕ್ಕನ ಮಾತು ಕೇಳಲು ಅಪ್ಪ ಕೂಡ ಎದ್ದು ಬಂದು ಬಾಗಿಲ ಪಕ್ಕ ನಿಲ್ಲುತ್ತಿದ್ದ. ಒಳಗೆ ಬರುತ್ತಿರಲಿಲ್ಲ. ಬಂದರೆ ಅವಳ ಕೈ ನಿಲ್ಲುತ್ತದೆ, ಕೈ ನಿಂತರೆ ಮಾತೂ ನಿಲ್ಲುತ್ತದೆ ಎಂಬುದು ಅವನಿಗೂ ಗೊತ್ತಿತ್ತು.

ಅಕ್ಕನ ಹೆಸರು ನೀಲವ್ವ. ನನಗಿಂತ ಎಂಟು ವರ್ಷ ದೊಡ್ಡವಳು. ಅವಳು ಉಗ್ಗುತ್ತಿದ್ದಳು. ಎಲ್ಲ ಅಕ್ಷರಕ್ಕೂ ಅಲ್ಲ. ತುಟಿ ಮುಚ್ಚಿ ತೆರೆಯಬೇಕಾದ ಅಕ್ಷರಗಳು, ಅದರಲ್ಲೂ ಪದದ ಮೊದಲಿಗೆ ಬರುವ ಬ ಮತ್ತು ಪ, ಅವಳ ವೈರಿಗಳು. ಮುಚ್ಚಿದ ತುಟಿ ಮುಚ್ಚಿದಂತೆಯೇ ಉಳಿಯುತ್ತಿತ್ತು. ಕತ್ತಿನ ನರ ಉಬ್ಬುತ್ತಿತ್ತು, ಕಣ್ಣು ನೆಲಕ್ಕೆ ಬೀಳುತ್ತಿತ್ತು. ಹಾಗಾಗಿ ಅವಳು ಆ ಅಕ್ಷರಗಳಿರುವ ಓಣಿಗೇ ಹೋಗದೆ ಸುತ್ತು ಹಾಕಿ ಬರುವುದನ್ನು ಕಲಿತಿದ್ದಳು. ಬಸ್ಸಿಗೆ ಮೋಟಾರು ಎನ್ನುವಳು, ಪಲ್ಯಕ್ಕೆ ಕಾಯಿಪಲ್ಯ ಎನ್ನುವಳು. ಹದಿನೇಳು ವರ್ಷದ ಹುಡುಗಿ ಬೆಕ್ಕಿಗೆ ಮ್ಯಾಂವ್ ಎಂದಾಗ ಓಣಿಯ ಹೆಂಗಸರು ಮುದ್ದಿನ ಮಗಳು ಅಂದುಕೊಂಡು ನಗುತ್ತಿದ್ದರು. ಸುತ್ತು ಹಾಕಲು ದಾರಿಯೇ ಇಲ್ಲದಾಗ ನಾನಿದ್ದೆ. ನಾನು ಹುಟ್ಟಾ ಬಾಯಿಬಡುಕಿ. ಅಕ್ಕ ‘ಬ’ ಎಂದು ನಿಂತರೆ ಅದು ಬೆಲ್ಲವೋ ಬೆಣ್ಣೆಯೋ ಬಾವಿಯೋ ಎಂದು ಅವಳ ಕಣ್ಣು ಹೋದ ದಿಕ್ಕು ನೋಡಿಯೇ ಹೇಳಿಬಿಡುತ್ತಿದ್ದೆ. ಅಂಗಡಿಗೆ, ನೀರಿಗೆ, ಹೊಲಕ್ಕೆ, ಅವಳು ಎಲ್ಲಿಗೆ ಹೊರಟರೂ ಬೆನ್ನ ಹಿಂದೆ ನನ್ನನ್ನು ಕಳಿಸುತ್ತಿದ್ದರು.

“ನಮ್ಮ ಗಂಗಿ ಅಂದ್ರ ನೀಲವ್ವನ ಎರಡನೇ ಬಾಯಿ ನೋಡ್ರಿ,” ಎಂದು ಆಯಿ ಮನೆಗೆ ಬಂದವರಿಗೆಲ್ಲ ಹೇಳುವಳು.

ಈ ಮಾತಿಗೆ ನಾನು ಉಬ್ಬಿ ಹೋಗುತ್ತಿದ್ದೆ. ಅದನ್ನು ಕೇಳಿದಾಗ ಅಕ್ಕನ ಮುಖ ಹೇಗಾಗುತ್ತಿತ್ತು ಎಂದು ಈಗ ಎಷ್ಟು ನೆನೆಸಿಕೊಂಡರೂ ನೆನಪಾಗುವುದಿಲ್ಲ. ನಾನು ನೋಡಿರಲೇ ಇಲ್ಲ.

ಅಕ್ಕನ ನಾಲಗೆಯ ಮೇಲೆ ಮನೆಯವರದು, ಊರವರದು, ಎಲ್ಲರದೂ ಒಂದೊಂದು ಕೈ ಆಗಿತ್ತು. ಆಯಿ ಬಜೆಬೇರು ತೇಯ್ದು ಜೇನಿನಲ್ಲಿ ಕಲಸಿ ಬೆಳಗ್ಗೆ ಬರಿಹೊಟ್ಟೆಯಲ್ಲಿ ತಿಕ್ಕುತ್ತಿದ್ದಳು. ಗಿಳಿ ಕಚ್ಚಿದ ಪೇರಲಹಣ್ಣು ತಿಂದರೆ ಗಿಳಿಯ ಹಾಗೆ ಮಾತು ಬರುತ್ತದೆಂದು ಯಾರೋ ಹೇಳಿದ್ದಕ್ಕೆ, ಹಿತ್ತಲಿನ ಪೇರಲಗಿಡದ ಕೆಳಗೆ ನನ್ನನ್ನು ದಿನಗಟ್ಟಲೆ ಕಾಯಲು ಕೂರಿಸಿದಳು. ಗಿಳಿ ಬರಲಿಲ್ಲ. ಕೂತು ಕೂತು ಬೇಸರವಾಗಿ ನಾನೇ ಎರಡು ಹಣ್ಣಿಗೆ ಹಲ್ಲು ಹಾಕಿ, ಗಿಳಿ ಕಚ್ಚಿದ್ದು ಎಂದು ಕೊಟ್ಟೆ. ಅಕ್ಕ ನನ್ನ ಎಂಜಲನ್ನು ಕಣ್ಣಿಗೊತ್ತಿಕೊಂಡು ತಿಂದಳು. ಸಾಲಿಯ ಮಾಸ್ತರರು ಅವಳ ಬಾಯಲ್ಲಿ ಹರಳು ಇಡಿಸಿ ಪಾಠ ಓದಿಸಿದರು. ಒಂದು ಹರಳು ಗಂಟಲಿಗೆ ಇಳಿದು ದೊಡ್ಡ ರಂಪವಾಗಿ, ಅಕ್ಕನ ಸಾಲಿ ಅಲ್ಲಿಗೇ ಮುಗಿಯಿತು. ಬೆದರಿದರೆ ಉಗ್ಗು ಹಾರಿಹೋಗುತ್ತದೆ ಎಂದು ಅಪ್ಪ ಒಂದು ಬೆಳಗ್ಗೆ ಹಿಂದಿನಿಂದ ಬಂದು ಅವಳ ತಲೆಯ ಮೇಲೆ ಒಂದು ಕೊಡ ತಣ್ಣೀರು ಸುರಿದ. ಮೂರು ದಿನ ಅವಳು ಯಾರೊಂದಿಗೂ ಮಾತಾಡಲಿಲ್ಲ. ನಾಲ್ಕನೇ ದಿನ ಅವ್ವ ಅಪ್ಪನ ಮುಂದೆ ತಾಟು ಕುಕ್ಕಿ, ಮಗಳನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗದಿದ್ದರೆ ಈ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ ಎಂದಳು.

ಹುಬ್ಬಳ್ಳಿಗೆ ಹೋದೆವು, ಎರಡನೇ ಬಾಯಿಯಾಗಿ ನಾನೂ ಹೋದೆ. ದೊಡ್ಡ ದವಾಖಾನೆಯ ಮೂಲೆಯ ಕೋಣೆಯೊಂದರಲ್ಲಿ ಮಾತು ಕಲಿಸುವ ಒಬ್ಬ ಬಾಯಾರು ಇದ್ದರು. ನಮ್ಮ ಕಡೆ ಕಲಿಸುವ ಹೆಂಗಸಿಗೆ ಬಾಯಾರು ಎನ್ನುವುದು ರೂಢಿ. ಬಾಯಿಯ ಕಾಯಿಲೆಗೆ ಬಾಯಾರೇ ಡಾಕ್ಟರು ಎಂದು ನನಗೆ ನಗು ತಡೆಯಲಾಗಲಿಲ್ಲ. ಕೋಣೆಯಲ್ಲಿ ಒಂದು ಮೇಜು, ಒಂದು ಕನ್ನಡಿ, ನಾಲ್ಕು ಕುರ್ಚಿ. ಬಾಟಲಿ ಇಲ್ಲ, ಸೂಜಿ ಇಲ್ಲ, ಔಷಧದ ವಾಸನೆ ಕೂಡ ಇಲ್ಲ. ಅಪ್ಪನಿಗೆ ಅಲ್ಲಿಗೇ ಅರ್ಧ ನಂಬಿಕೆ ಹೋಗಿತ್ತು.

“ಒಂದ ಚಲೋ ಸೂಜಿ ಹಾಕ್ರಿ ಬಾಯಾರ. ಎಷ್ಟ ದೊಡ್ಡದಿದ್ರೂ ತಡಕೋತಾಳ,” ಎಂದ.

“ಇದಕ್ಕ ಸೂಜಿ ಇಲ್ಲರಿ. ಗುಳಿಗಿನೂ ಇಲ್ಲ,” ಎಂದರು ಬಾಯಾರು.

ಅವರು ಅಕ್ಕನನ್ನು ಕನ್ನಡಿಯ ಮುಂದೆ ಕೂರಿಸಿದರು. ಮೊದಲು ಸ್ವಲ್ಪ ಉಸಿರು ಬಿಡು, ಆ ಉಸಿರಿನ ಮೇಲೆ ಅಕ್ಷರ ಇಡು ಎಂದರು. ತುಟಿ ಒತ್ತಬೇಡ, ಮುಟ್ಟಿಸಿ ಬಿಡು, ಮೊದಲ ಅಕ್ಷರವನ್ನು ಮೆಲ್ಲಗೆ ಎಳೆ ಎಂದರು. ಕೈಯಿಂದ ತೊಡೆಯ ಮೇಲೆ ತಾಳ ಹಾಕಿಕೊಂಡು ತಾಳಕ್ಕೊಂದು ಅಕ್ಷರ ಬಿಡಿಸಿದರು. ಆಮೇಲೆ ಒಂದು ಪುಸ್ತಕ ತೆರೆದು ತಾವೂ ಅಕ್ಕನೂ ಕೂಡಿ ಒಂದೇ ಸಾಲನ್ನು ಒಟ್ಟಿಗೆ ಓದಿದರು. ಅಕ್ಕ ಇಡೀ ಪುಟವನ್ನು ಎಲ್ಲೂ ನಿಲ್ಲದೆ ಓದಿದಳು. ಬ ಬಂತು, ಪ ಬಂತು, ಹೋದವು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು.

“ಪೂರಾ ಹೋಗತೈತೇನ್ರಿ?” ಎಂದು ಅವ್ವ ಕೇಳಿದಳು.

“ಪೂರಾ ಹೋಗತದ ಅಂತ ನಾ ಸುಳ್ಳ ಹೇಳೂದಿಲ್ಲವಾ. ಹಗರ ಆಗತದ. ಕೆಲವರಿಗೆ ಭಾಳ, ಕೆಲವರಿಗೆ ಸ್ವಲ್ಪ. ರೂಢಿ ಬಿಟ್ಟರ ಹೊಳ್ಳಿ ಬರತದ. ಇಲ್ಲೆ ನನ್ನ ಮುಂದ ಬಂದ ಮಾತು ಸಂತ್ಯಾಗ ಬರಲಿಕ್ಕಿಲ್ಲ, ಅದಕ್ಕ ಎದಿ ಒಡಕೋಬ್ಯಾಡ್ರಿ. ಮತ್ತೊಂದು. ಆಕಿ ಮಾತಾಡೂ ಮುಂದ ನೀವು ಯಾರೂ ನಡಕ ಬಾಯಿ ಹಾಕಬ್ಯಾಡ್ರಿ. ಎಷ್ಟ ಹೊತ್ತಾದ್ರೂ ತಡೀರಿ. ಆಕಿ ಮಾತು ಆಕಿನ ಮುಗಸಲಿ.”

ಇದನ್ನು ಹೇಳುವಾಗ ಅವರು ನನ್ನ ಕಡೆ ನೋಡಿದರು. ನಾನು ಕನ್ನಡಿಯಲ್ಲಿ ನಾಲಗೆ ಚಾಚಿ ನೋಡಿಕೊಳ್ಳುತ್ತಿದ್ದೆ. ಹಿಂದಿರುಗುವಾಗ ಬಸ್ಸಿನಲ್ಲಿ ಅಪ್ಪ ದಾರಿಯುದ್ದಕ್ಕೂ ಗೊಣಗಿದ.

“ಸುಮ್ಮನ ತಡೀರಿ ಅಂತ ಹೇಳಿಸಿಕೊಳ್ಳಾಕ ಹುಬ್ಬಳ್ಳಿ ತನಕ ಬರಬೇಕಾಗಿತ್ತೇನು? ಇದೂ ಒಂದು ಔಷಧೇನು?”

ಸುತ್ತ ಕೂತವರೂ ನಕ್ಕರು, ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ನಾಲ್ಕು ಸಲ ಹುಬ್ಬಳ್ಳಿಗೆ ಹೋಗಿ ಬಂದೆವು. ಐದನೆಯ ಸಲಕ್ಕೆ ಹತ್ತಿ ಬಿಡಿಸುವ ಕಾಲ ಬಂತು, ಮನೆಯ ಹೆಂಗಸರೆಲ್ಲ ಹೊಲಕ್ಕೆ ಇಳಿದರು, ಹುಬ್ಬಳ್ಳಿ ಅಲ್ಲಿಗೆ ನಿಂತಿತು.

ಆದರೆ ಅಕ್ಕ ಬಿಡಲಿಲ್ಲ. ತೊಡೆಯ ಮೇಲಿನ ತಾಳವನ್ನು ಅವಳು ರೊಟ್ಟಿಗೆ ತಂದದ್ದು ಯಾರೂ ಹೇಳಿಕೊಟ್ಟದ್ದಲ್ಲ. ಒಂದು ದಿನ ರೊಟ್ಟಿ ಬಡಿಯುತ್ತ ಬಡಿಯುತ್ತ, ಏಟಿಗೊಂದು ಅಕ್ಷರದಂತೆ, “ಗಂ-ಗೀ-ಬೆ-ಣ್ಣಿ-ತ-ಗೊಂ-ಬಾ” ಎಂದಳು. ಎರಡು ಬ ಒಂದೇ ಉಸಿರಿನಲ್ಲಿ. ನಾನು ಬೆಣ್ಣೆ ತರುವುದನ್ನು ಬಿಟ್ಟು ಮನೆಯೆಲ್ಲ ಕೂಗಿಕೊಂಡು ಓಡಿದೆ. ಅಂದಿನಿಂದ ಅಡಿಗೆಮನೆಯಲ್ಲಿ ಮಾತೇ ಮಾತು. ಎಷ್ಟೋ ವರ್ಷಗಳಿಂದ ಕೂಡಿಟ್ಟದ್ದನ್ನೆಲ್ಲ ಅವಳು ರೊಟ್ಟಿಯ ಜೊತೆ ಬಡಿದು ಬಡಿದು ಹೇಳಿದಳು: ಮಾಸ್ತರರ ಮೇಲಿನ ಸಿಟ್ಟು, ತಣ್ಣೀರು ಸುರಿದ ಅಪ್ಪನ ಮೇಲಿನ ಸಿಟ್ಟು, ಹುಬ್ಬಳ್ಳಿಯ ಬಾಯಾರ ಸೀರೆಯ ಬಣ್ಣ. ಮಾತು ಮುಗಿಯದಿದ್ದರೆ ರೊಟ್ಟಿಯನ್ನು ಮುಗಿಸುತ್ತಿರಲಿಲ್ಲ, ನಮಗೆಲ್ಲ ತೆಳ್ಳಗಿನ, ತಾಟಿಗಿಂತ ಅಗಲದ ರೊಟ್ಟಿಗಳು ಸಿಗುತ್ತಿದ್ದವು. ಮಧ್ಯಾಹ್ನ ನಾವಿಬ್ಬರೂ ನನ್ನ ಸಾಲಿಯ ಪುಸ್ತಕ ಇಟ್ಟುಕೊಂಡು ಕೂಡಿ ಓದುತ್ತಿದ್ದೆವು. ಕೂಡಿ ಓದಿದರೆ ಒಂದು ತಡೆ ಇಲ್ಲ. ನಾನು ತುಂಟತನಕ್ಕೆ ನಡುವೆ ಓದು ನಿಲ್ಲಿಸಿದರೆ ಅವಳು ನಾಲ್ಕೈದು ಪದ ಒಬ್ಬಳೇ ಓಡಿ, ಒಬ್ಬಳೇ ಇದ್ದೇನೆಂದು ತಿಳಿದ ಕ್ಷಣ ನಿಂತುಬಿಡುತ್ತಿದ್ದಳು. ಆ ನಾಲ್ಕೈದು ಪದ ತಿಂಗಳೆರಡು ತಿಂಗಳಲ್ಲಿ ಒಂದು ಸಾಲಾಯಿತು, ಒಂದೊಂದು ದಿನ ಎರಡು ಸಾಲಾಯಿತು. ಅಷ್ಟು ನಿಧಾನದ ಏರಿಕೆಯನ್ನು ನೋಡುವ ವ್ಯವಧಾನ ಮನೆಯಲ್ಲಿ ಅವಳೊಬ್ಬಳಿಗೇ ಇತ್ತು.

ಅಣ್ಣಿಗೇರಿ ಕಡೆಯಿಂದ ಕನ್ಯೆ ನೋಡಲು ಬಂದಾಗ ಎಲ್ಲವೂ ಸುಸೂತ್ರವಾಗಿ ಆಯಿತು. ಹೆಸರು ಕೇಳಿದರು, ನೀಲವ್ವ ಎಂಬುದರಲ್ಲಿ ಕಷ್ಟದ ಅಕ್ಷರವೇ ಮೊದಲಿಗಿಲ್ಲ. ಹಾಡಲು ಹೇಳಿದರು, ಹಾಡಿನಲ್ಲಿ ಅವಳು ಎಂದೂ ಉಗ್ಗಿದವಳಲ್ಲ. ಹುಡುಗನ ತಾಯಿ ಅಲ್ಲೇ ಒಪ್ಪಿದಳು. ಹುಡುಗನ ಹೆಸರು ಬಸವರಾಜ ಎಂದು ಕೇಳಿದಾಗ ನಾವು ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರು ಹೋದ ಮೇಲೆ ಊಟಕ್ಕೆ ಕೂತಾಗ ಜಗಳ ಹತ್ತಿತು.

“ಅವರಿಗೆ ಖರೇ ಹೇಳಿಬಿಡೂಣು,” ಎಂದಳು ಅವ್ವ.

“ಏನ ಹೇಳೂದು? ಅಗದೀ ಕಡಿಮಿ ಆಗೇತಿ. ಹತ್ತರಾಗ ಒಂಬತ್ತ ಪಾಲು ಹೋಗೇತಿ,” ಎಂದ ಅಪ್ಪ.

“ಹೋಗೇತಿ, ಅಡಿಗಿ ಮನ್ಯಾಗಷ್ಟ ಹೋಗೇತಿ. ಪಡಸಾಲಿ ತನಕ ಇನ್ನೂ ಬಂದಿಲ್ಲ.”

“ಸೊಸಿ ಆದಾಕಿ ಅಡಿಗಿ ಮನ್ಯಾಗ ಇರದ ಮತ್ತೆಲ್ಲಿರ್ತಾಳ?”

ಆಯಿ ನಡುವೆ ಬಂದು ತನ್ನದೊಂದು ಸೇರಿಸಿದಳು. “ಗಂಡನ ಹೆಸರ ಯಾವಾಕಿ ಹೇಳತಾಳ್ಲೇ? ನಾನು ನಿಮ್ಮಪ್ಪನ ಹೆಸರ ಹೇಳಿದ್ದು ಒಮ್ಮೆ, ಹೊಸ್ತಿಲದಾಗ. ಹೆಸರು ಬ ಇದ್ದರೇನು, ಭೂತ ಇದ್ದರೇನು?”

ಆಯಿ ಹೇಳಿದ್ದು ನಿಜ. ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರೆತ್ತುವುದಿಲ್ಲ. ಎತ್ತಲೇಬೇಕಾದದ್ದು ಮದುವೆಯಾಗಿ ಗಂಡನ ಮನೆಗೆ ಕಾಲಿಡುವಾಗ. ನಾದಿನಿಯರು ಬಾಗಿಲಿಗೆ ಅಡ್ಡ ನಿಂತು ಹೆಸರು ಹೇಳು ಎನ್ನುತ್ತಾರೆ, ಸೊಸೆ ಒಂದು ಒಡಪು ಕಟ್ಟಿ, ಪದ್ಯದಂಥ ಎರಡು ಸಾಲಿನ ಕೊನೆಗೆ ಗಂಡನ ಹೆಸರನ್ನು ಸೇರಿಸಿ ಹೇಳಿ, ಅಕ್ಕಿಯ ಸೇರನ್ನು ಕಾಲಿನಿಂದ ಸರಿಸಿ ಒಳಗೆ ಹೋಗುತ್ತಾಳೆ. ಉಳಿದ ಹೆಣ್ಣುಮಕ್ಕಳಿಗೆ ಅದು ನಾಚಿ ನಗುವ ಆಟ. ನಮ್ಮ ಮನೆಯಲ್ಲಿ ಅದು ಪರೀಕ್ಷೆಯಾಯಿತು. ಇಡೀ ಜೀವಮಾನದಲ್ಲಿ ಒಂದೇ ಒಂದು ಪದ, ಅದೊಂದನ್ನು ದಾಟಿದರೆ ಅಕ್ಕ ಗೆದ್ದಳು ಎಂದು ಎಲ್ಲರೂ ಲೆಕ್ಕ ಹಾಕಿದೆವು. ಅವ್ವ ಒಡಪು ಕಟ್ಟಿಕೊಟ್ಟಳು:

ಎರಿ ಹೊಲದ ಹತ್ತಿ ಅರಳಿ ಹಾಲಿನಂಗಾತು ಸಾಲ,
ಅಕ್ಕಿ ಸೇರ ಸರಿಸಿ ನಾನು ತುಳಿಯತೀನಿ ಹೊಸ್ತಿಲ,
ಒಳಗ ಕರದಾರ ನಮ್ಮ ರಾಯರು ಬಸವರಾಜ.

ಅಕ್ಕ ಇದನ್ನು ಎಷ್ಟು ಸಾವಿರ ಸಲ ಹೇಳಿದಳೋ. ರೊಟ್ಟಿ ಬಡಿಯುತ್ತ ಹೇಳಿದಳು, ಕೈಬಿಟ್ಟು ಹೇಳಿದಳು, ನನ್ನ ಜೊತೆ ಕೂಡಿ ಹೇಳಿದಳು. ಎಮ್ಮೆಯ ಮುಂದೆ ನಿಂತು ಹೇಳಿದಾಗ ಒಂದೇ ಸಲಕ್ಕೆ ಬಂತಂತೆ. ಮದುವೆಗೆ ಎರಡು ದಿನವಿರುವಾಗ ನಾನು ನನ್ನ ಹಂಚಿಕೆ ಹೇಳಿದೆ. ಮದುಮಗಳ ಜೊತೆ ಹೋಗುವವಳು ಹೇಗೂ ನಾನೇ. ಬೆನ್ನಿಗೆ ಅಂಟಿ ನಿಂತು ಸಣ್ಣ ದನಿಯಲ್ಲಿ ಜೊತೆಗೆ ಹೇಳುತ್ತೇನೆ, ಕೂಡಿ ಹೇಳಿದರೆ ನಿನಗೆ ತಡೆಯೇ ಇಲ್ಲವಲ್ಲ ಎಂದೆ. ಅಕ್ಕ ತಲೆಯೆತ್ತದೆ ರೊಟ್ಟಿ ಬಡಿಯುತ್ತಲೇ ಹೇಳಿದಳು.

“ಬ್ಯಾಡ. ಇದೊಂದ ನಾ ಒಬ್ಬಾಕಿನ ಹೇಳತೀನಿ. ನೀ ಬಾಯಿ ಹಾಕಬ್ಯಾಡ. ಆಣಿ ಮಾಡು.”

ನಾನು ಅವಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದೆ.

ಮದುವೆ ನಮ್ಮೂರಲ್ಲಿ ಆಯಿತು. ಮರುದಿನ ಬಿಸಿಲೇರುವ ಹೊತ್ತಿಗೆ ಚಕ್ಕಡಿಗಳು ಅಣ್ಣಿಗೇರಿ ಕಡೆಯ ಆ ಊರು ಮುಟ್ಟಿದವು. ಬಾಗಿಲಲ್ಲಿ ನಾದಿನಿಯರು, ಅವರ ಹಿಂದೆ ಓಣಿಯ ಹೆಂಗಸರು, ಕಟ್ಟೆಯ ಮೇಲೆ ಮಕ್ಕಳು. ಮೊದಲು ಮದುಮಗನಿಗೆ ಹೇಳಿಸಿದರು; ಅವನು ನಕ್ಕು ನೀಲವ್ವ ಎಂದುಬಿಟ್ಟ. ಆಮೇಲೆ ಅಕ್ಕ. ಅವಳು ತಲೆ ಬಗ್ಗಿಸಿರಲಿಲ್ಲ, ಅದು ನನಗೆ ಚೆನ್ನಾಗಿ ನೆನಪಿದೆ. ಹತ್ತಿಯ ಸಾಲು ನೀಟಾಗಿ ಹೇಳಿದಳು. ಹೊಸ್ತಿಲ ಸಾಲನ್ನೂ ಹೇಳಿದಳು. ಒಳಗ ಕರದಾರ ನಮ್ಮ ರಾಯರು ಎಂದಳು. ತುಟಿ ಮುಚ್ಚಿತು.

ಮೊದಲು ಎಲ್ಲರೂ ಅದು ನಾಚಿಕೆ ಎಂದುಕೊಂಡರು. ಹೊಸ ಸೊಸೆ ಅಲ್ಲಿ ಸ್ವಲ್ಪ ನಿಲ್ಲುವುದು ಇದ್ದದ್ದೇ. ಆದರೆ ಅಕ್ಕ ನಿಂತೇ ಇದ್ದಳು. ಕತ್ತಿನ ನರ ಉಬ್ಬಿತು. ಸೀರೆಯ ಮರೆಯಲ್ಲಿ ಅವಳ ಅಂಗೈ ತೊಡೆಯ ಮೇಲೆ ಮೆಲ್ಲಗೆ ಏಟು ಹಾಕುತ್ತಿದ್ದುದು ಹಿಂದೆ ನಿಂತ ನನಗೊಬ್ಬಳಿಗೇ ಕಾಣುತ್ತಿತ್ತು.

“ಏನ ತಂಗಿ, ಒಂದ ದಿನದಾಗ ಗಂಡನ ಹೆಸರ ಮರತೇನ?” ಎಂದಳು ಒಬ್ಬಳು. ಒಂದು ನಗು ಎದ್ದಿತು. ಕಟ್ಟೆಯ ಮೇಲಿನ ಹುಡುಗನೊಬ್ಬ ತುಟಿ ಬಿಗಿದು ಅಕ್ಕನ ಹಾಗೆ ಮಾಡಿ ತೋರಿಸಿದ.

ಅಕ್ಕ ಕಣ್ಣು ನೆಲಕ್ಕೆ ಹಾಕಲಿಲ್ಲ. ಅವಳ ಹೆಗಲು ಕೆಳಗಿಳಿಯಿತು, ಉಸಿರು ಸ್ವಲ್ಪ ಹೊರಬಂತು, ಬಿಗಿದ ತುಟಿ ಸಡಿಲಾಯಿತು. ಇದನ್ನೆಲ್ಲ ನಾನು ನೋಡಿದೆ. ಬಾಯಾರ ಕನ್ನಡಿಯ ಮುಂದೆ ಇದನ್ನೇ ಅಲ್ಲವೇ ಅವಳು ಕಲಿತದ್ದು ಎಂದು ತಿಳಿಯುವ ಬುದ್ಧಿ ನನಗಿರಲಿಲ್ಲ. ನನಗೆ ಕೇಳುತ್ತಿದ್ದುದು ಆ ನಗು ಮಾತ್ರ. ಅಕ್ಕನ ಮಾನ ಉಳಿಸಬೇಕು ಎನಿಸಿತು; ಸುಳ್ಳೇಕೆ ಹೇಳಲಿ, ಇಷ್ಟು ಜನರ ಮುಂದೆ ನನ್ನ ಬಾಯಿ ತೋರಿಸುವ ಚಪಲವೂ ಇತ್ತು. ನಾನು ಮುಂದೆ ಬಂದು ಗಂಟಲು ಬಿಚ್ಚಿ ಕೂಗಿದೆ.

“ಬಸವರಾಜ!”

ಬಾಗಿಲ ತುಂಬ ನಗು ಸಿಡಿಯಿತು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಹೆಸರ ಹೇಳಿದಾಕಿನ ಹೇಣ್ತಿ! ಇಕಿನ್ನ ಒಳಗ ಕರಕೊಳ್ರೆ, ದೊಡ್ಡಾಕಿನ ಹೊಳ್ಳಿ ಕಳಸ್ರಿ!”

ಇಬ್ಬರು ನನ್ನ ರಟ್ಟೆ ಹಿಡಿದು ಎಳೆದರು. ನನ್ನ ಕಾಲು ತಾಗಿ ಸೇರು ಉರುಳಿ ಅಕ್ಕಿಯೆಲ್ಲ ಒಳಗೆ ಚೆಲ್ಲಿತು. ಅಕ್ಕ ಒದೆಯಬೇಕಿದ್ದ ಅಕ್ಕಿ. ಅವಳ ಅತ್ತೆ ಒಳ್ಳೆಯ ಹೆಂಗಸು, ಸಿಟ್ಟಾಗಲಿಲ್ಲ. ನಗುತ್ತಲೇ ಬಂದು, “ಆತ ಬಿಡ್ರೆ, ಸಾಕು ಮಾಡ್ರಿ. ಬಾರವಾ ನೀಲವ್ವ, ಒಳಗ ಬಾ,” ಎಂದು ಅಕ್ಕನ ಕೈ ಹಿಡಿದಳು. ಅಕ್ಕ ಚೆಲ್ಲಿದ ಅಕ್ಕಿಯನ್ನು ತುಳಿಯದಂತೆ ಸೀರೆ ಎತ್ತಿ ಹಿಡಿದು ಒಳಗೆ ಹೋದಳು. ನನ್ನ ಕಡೆ ನೋಡಲಿಲ್ಲ.

ಆ ಮನೆಯಲ್ಲಿ ಅವಳನ್ನು ಯಾರೂ ನೋಯಿಸಲಿಲ್ಲ. ಇದನ್ನು ನಾನು ಬರೆಯಲೇಬೇಕು. ವಾರದೊಳಗೆ ಅವರಿಗೆ ಎಲ್ಲ ತಿಳಿಯಿತು, ತಿಳಿದ ಮೇಲೂ ತವರಿಗೆ ದೂರು ಬರಲಿಲ್ಲ. ಪಾಪದ ಹುಡುಗಿ ಎಂದರು. ಅವಳು ಬಾಯಿ ತೆರೆಯುವ ಮೊದಲೇ ಬೇಕಾದದ್ದನ್ನು ಅವರೇ ಊಹಿಸಿ ಕೈಗಿಟ್ಟರು. ಆ ಮನೆಯಲ್ಲೂ ಎರಡನೇ ಬಾಯಿಗಳು ಬೇಕಾದಷ್ಟಿದ್ದವು, ಒಂದನೆಯದು ಬೇಕಾಗಲೇ ಇಲ್ಲ. ಮುಂದೆ ನಾನು ಸಾಲಿ ಕಲಿಸುವವಳಾದೆ. ಪಾಠ ಓದುವಾಗ ಮಗುವೊಂದು ತಡವರಿಸಿ ನಿಂತರೆ ನಾನೂ ನಿಲ್ಲುತ್ತೇನೆ, ಗಂಟೆ ಬಾರಿಸಿದರೂ ನಿಲ್ಲುತ್ತೇನೆ. ನನಗೆ ಬಹಳ ತಾಳ್ಮೆ ಎಂದು ಹೊಗಳುತ್ತಾರೆ. ಅದು ತಾಳ್ಮೆಯಲ್ಲ, ಭಯ.

ಮದುವೆಯಾದ ವರ್ಷವೇ ಪಂಚಮಿಗೆ ಅಕ್ಕ ತವರಿಗೆ ಬಂದಳು. ಓಣಿಯಲ್ಲೆಲ್ಲ ಜೋಕಾಲಿ ಕಟ್ಟಿದ್ದರು, ಅವ್ವ ಹಿತ್ತಲಲ್ಲಿ ಉಂಡಿಗೆ ಎಳ್ಳು ಹುರಿಯುತ್ತಿದ್ದಳು. ಅಕ್ಕ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು, ಬಾಯಿ ಮುಚ್ಚಿಕೊಂಡು. ಬರೀ ಕೈಯ ಸದ್ದು. ಆ ಸದ್ದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

“ಮಾತಾಡ ಬೇ ಅಕ್ಕಾ. ಇಲ್ಲೆ ಬರತೈತಲ್ಲ ನಿನಗ,” ಎಂದೆ.

ಅವಳು ಕೈ ನಿಲ್ಲಿಸಿದಳು. ಹಂಚಿನ ಮೇಲೆ ಒಂದು ರೊಟ್ಟಿ ಬೇಯುತ್ತಿತ್ತು. ನನ್ನ ಕಡೆ ತಿರುಗಿ ಕೂತಳು, ತಾಳ ಇಲ್ಲದೆ, ಜೊತೆ ಇಲ್ಲದೆ ಹೇಳಲು ಹೊರಟಳು.

“ಅವತ್ತ ಹೊಸ್ತಿಲದಾಗ ನನಗ ಬ...”

“ಬ್ಯಾಸರಾತೇನು?” ಎಂದೆ.

ಅಲ್ಲವೆಂದು ತಲೆಯಾಡಿಸಿದಳು. “ಬ...”

“ಆ ಮನಿ ನಿನಗ ಬ್ಯಾಡಾಗಿತ್ತೇನು?”

ಅಕ್ಕ ಹಿಟ್ಟಿನ ಕೈಯನ್ನು ನನ್ನ ಬಾಯಿಯ ಮೇಲಿಟ್ಟು ಒತ್ತಿ ಹಿಡಿದಳು. ಅವಳ ತುಟಿ ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಿತು. ಅವ್ವ ಹಿತ್ತಲಿನಿಂದ ಏನದು ವಾಸನೆ ಎಂದು ಕೂಗಿದಳು, ನಾವಿಬ್ಬರೂ ಏಳಲಿಲ್ಲ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ನಾನು ಅಳುತ್ತಿದ್ದೆ, ಅವಳು ಅಳುತ್ತಿರಲಿಲ್ಲ.

“ಬರತಿತ್ತು,” ಎಂದಳು. “ಅವತ್ತ ನನಗ ಬರತಿತ್ತು.”